ಬಾಳೆನಾರಿನ ಲಗಾಮು

ಗಂಜಾಂನಲ್ಲಿ, ನಮ್ಮ ಬೀದಿಗೆಲ್ಲ ಚಿಕ್ಕಮ್ಮನಂತಿರುವ ದಿಲ್ಷಾದ್ ಖಾಲಾ ಅವರ ಮನೆ ಎಲ್ಲಿ ಎಂದು ಕೇಳಿದರೆ ಯಾರು ಬೇಕಾದರೂ ತೋರಿಸುತ್ತಾರೆ. ಬೆಳಿಗ್ಗೆ ಅವರು ಶ್ರೀರಂಗಪಟ್ಟಣ ನೋಡಲು ಬಂದವರನ್ನು ಟಾಂಗಾದಲ್ಲಿ ಕೂರಿಸಿಕೊಂಡು ಸುತ್ತಿಸಿ ತರುತ್ತಾರೆ. ಮಧ್ಯಾಹ್ನ ಕುದುರೆಗೆ ನೀರು, ಹುಲ್ಲು ಕೊಟ್ಟು, ಜಗುಲಿಯ ಮೇಲೆ ಕುಳಿತು ಅಂಗಡಿಗಳಿಗೆ ಮಲ್ಲಿಗೆ ಕಟ್ಟುತ್ತಾರೆ. ಎರಡೂ ಒಂದೇ ಕೆಲಸ ಎನ್ನುವುದು ಅವರ ಮಾತು.

“ನಾರು ಬಿಗಿದ್ರೆ ಮೊಗ್ಗಿನ ತೊಟ್ಟು ತುಂಡಾಗ್ತದೆ. ಸಡಿಲ ಬುಟ್ರೆ ಉದುರಿ ಹೋಗ್ತದೆ. ಲಗಾಮೂ ಅಂಗೇ.”

ಹಾಗೆಂದು ಅವರಿಗೆ ಕಲಿಸಿದ್ದು ಅವರ ಅಬ್ಬಾ. ಅವರೂ ಟಾಂಗಾ ಓಡಿಸುತ್ತಿದ್ದರು. ಗಂಡುಮಕ್ಕಳಿರಲಿಲ್ಲ, ಮಗಳನ್ನೇ ಪಕ್ಕದಲ್ಲಿ ಕೂರಿಸಿಕೊಂಡರು. ಕುದುರೆಯ ಬಾಯಲ್ಲಿರುವ ಕಬ್ಬಿಣದ ಕಡಿವಾಣಕ್ಕೆ ಲಗಾಮನ್ನು ನೇರವಾಗಿ ಸಿಕ್ಕಿಸದೆ, ನಡುವೆ ಒಂದೆಳೆ ಬಾಳೆನಾರು ಕಟ್ಟಿ ಮಗಳ ಕೈಗೆ ಕೊಡುತ್ತಿದ್ದರಂತೆ. ನಾರು ಹರಿದರೆ ಅವತ್ತಿನ ಪಾಠ ಅಲ್ಲಿಗೇ ಮುಗಿಯಿತು. ಮಗಳು ಇಳಿದು ಮನೆಗೆ ನಡೆಯಬೇಕು. ಬಹಳ ದಿನ ನಡೆದೇ ಮನೆ ಸೇರಿದೆ ಎಂದು ಖಾಲಾ ನಗುತ್ತಾರೆ. ಈಗ ಅವರು ಕಿರುಬೆರಳು ಮಡಚಿದರೆ ಕುದುರೆ ತಿರುಗುತ್ತದೆ. ಟಾಂಗಾದಲ್ಲಿ ಕುಳಿತವರಿಗೆ, ಅವರು ಏನು ಮಾಡಿದರು ಎಂಬುದೇ ಕಾಣುವುದಿಲ್ಲ.

ಈಗಿರುವ ಕುದುರೆ ಮೋತಿ, ಬಿಳಿಯ ಹೆಣ್ಣುಕುದುರೆ. ಕಳೆದ ವರ್ಷ ಹೊರಗಿನ ಊರಿನವರೊಬ್ಬರಿಂದ ತಂದದ್ದು. ತಂದಾಗ ಅದರ ಬಾಯಿಯ ಎರಡೂ ಮೂಲೆಗಳು ಗಾಯವಾಗಿ, ಒಣಗಿ, ಗಟ್ಟಿಯಾಗಿದ್ದವು. ಮಾರಿದವನು ಕುದುರೆಯ ಜೊತೆಗೆ ಒಂದು ಮುಳ್ಳು ಕಡಿವಾಣವನ್ನೂ ಕೊಟ್ಟಿದ್ದ. ಎಳೆದರೆ ಅದರ ಮೊಳೆಗಳು ನಾಲಗೆಗೂ ಕೆನ್ನೆಗೂ ಚುಚ್ಚುತ್ತವೆ. ಖಾಲಾ ಅದನ್ನು ಲಾಯದ ಗೋಡೆಗೆ ನೇತುಹಾಕಿ, ನುಣುಪಾದ ಕಡಿವಾಣ ಹಾಕಿದರು. ಮೊದಮೊದಲು ಲಗಾಮು ಮುಟ್ಟಿದರೆ ಸಾಕು, ಮೋತಿ ತಲೆ ಎತ್ತಿ ಕಣ್ಣಗಲಿಸುತ್ತಿತ್ತು. ಖಾಲಾ ಎಳೆಯಲಿಲ್ಲ, ಹೊಡೆಯಲಿಲ್ಲ. ಹೊಳೆದಂಡೆಯಲ್ಲಿ ಅದರ ಜೊತೆ ನಡೆಯುತ್ತಾ ಒಂದೊಂದೇ ಬೆರಳಿನ ಮಾತು ಕಲಿಸಿದರು.

ಅವರ ಗಂಡ ಅಜ್ಮಲ್‌ಗೆ ಮಾತ್ರ ನಂಬಿಕೆ ಬರಲಿಲ್ಲ. ಅವರು ಆಟೋ ಓಡಿಸುವವರು. ಕಿರಂಗೂರಿನವರು ಮದುವೆ ಮೆರವಣಿಗೆಗೆ ಮೋತಿಯನ್ನು ಕೇಳಿಕೊಂಡು ಬಂದಾಗ ಅಜ್ಮಲ್ ಗೋಡೆಯ ಮುಳ್ಳು ಕಡಿವಾಣವನ್ನು ಕೈಗೆ ತೆಗೆದುಕೊಂಡೇ ಮಾತಾಡಿದರು.

“ತಮಟೆ ಇರ್ತದೆ, ಪಟಾಕಿ ಇರ್ತದೆ. ಇದನ್ನ ಹಾಕು.”

“ಹಾಕಲ್ಲ.”

“ಯಾರಿಗಾದ್ರೂ ಪೆಟ್ಟು ಬಿದ್ರೆ? ಆಮೇಲೆ ಮೋತೀನ ಇಟ್ಕೊಳ್ಳೋ ಮಾತೇ ಇಲ್ಲ. ಕೊಟ್ಬುಡೋದೇ.”

“ಆಯ್ತು. ಪೆಟ್ಟು ಬೀಳ್ದೇ ಇದ್ರೆ ಈ ಮುಳ್ಳು ಗುಜರಿಗೆ. ಸೈಯಾ?”

“ಸೈ,” ಎಂದರು ಅಜ್ಮಲ್. ಆದರೂ ಮದುವೆಯ ದಿನ ಕಡಿವಾಣವನ್ನು ಆಟೋದ ಸೀಟಿನ ಕೆಳಗೆ ಇಟ್ಟುಕೊಂಡೇ ಬಂದರು. ಅದೇ ಆಟೋದಲ್ಲಿ ನಾನೂ ಹೋಗಿದ್ದೆ.

ಮದುವೆ ಗಂಡು ಸಂತೋಷ್ ಕಿರಂಗೂರಿನ ರೈತರ ಮನೆಯವನು. ಎತ್ತಿನಗಾಡಿ ಓಟದಲ್ಲಿ ಹೆಸರು ಮಾಡಿದವನು. ಲಗಾಮು ಹಿಡಿಯುವುದು ಹೇಗೆ ಎಂದು ಖಾಲಾ ಹೇಳಬೇಕೆನ್ನುವಷ್ಟರಲ್ಲಿ ಗೆಳೆಯರು ಅವನನ್ನು ಎತ್ತಿ ಮೋತಿಯ ಮೇಲೆ ಕೂರಿಸಿಬಿಟ್ಟರು. ಅವನು ಲಗಾಮನ್ನು ಎರಡೂ ಮುಷ್ಟಿಗೆ ಸುತ್ತಿಕೊಂಡು ಎದೆಯವರೆಗೆ ಎಳೆದು ಹಿಡಿದ. ಓಟದ ಎತ್ತಿಗೆ ಮೂಗುದಾರ ಬಿಗಿಯಾಗಿರಬೇಕು. ಸಡಿಲ ಬಿಟ್ಟರೆ ಗಾಡಿ ಕೈತಪ್ಪುತ್ತದೆ. ಅವನು ಚಿಕ್ಕಂದಿನಿಂದ ಕಲಿತದ್ದು ಅದನ್ನೇ. ಆದರೆ ಮೋತಿಗೆ ಆ ಎಳೆತದ ಅರ್ಥ ಹಿಂದಕ್ಕೆ ಹೋಗು ಎಂದು. ಅದು ಹಿಂದೆ ಸರಿಯಿತು. ಸಂತೋಷ್ ಹೆದರಿ ಇನ್ನಷ್ಟು ಎಳೆದ. ಅದು ಇನ್ನಷ್ಟು ಹಿಂದೆ ಬಂತು. ಹಿಂದೆ ಕಳಸ ಹಿಡಿದ ಹೆಂಗಸರು. ಅವರ ಮುಂದೆ ಸಂತೋಷನ ಅಜ್ಜಿ ಪುಟ್ಟಗೌರಮ್ಮ.

“ಲೇ ಸಂತೋಸ, ಎಣ್ಣಿನ ಮನೆ ಮುಂದ್ಕೈತೆ ಕಣ್ಲಾ!” ಎಂದು ಗೆಳೆಯನೊಬ್ಬ ಕೂಗಿದ. ಎಲ್ಲರೂ ನಕ್ಕರು. ಮೋತಿಯ ಹಿಂಗಾಲು ಪುಟ್ಟಗೌರಮ್ಮನ ಸೆರಗಿಗೆ ತಾಗುವಷ್ಟು ಹತ್ತಿರ ಬಂದಾಗ ನಗು ನಿಂತಿತು. ತಮಟೆಯೂ ನಿಂತಿತು.

ಅಜ್ಮಲ್ ಮುಳ್ಳು ಕಡಿವಾಣ ಹಿಡಿದು ಓಡಿ ಬಂದರು. “ಸಾಕು, ಇಳಿಸು ಅವರನ್ನ. ಇದನ್ನ ಹಾಕು.”

ಖಾಲಾ ಅವರ ಕಡೆ ತಿರುಗಲಿಲ್ಲ. “ಗೌಡ್ರೇ, ಕೈ ಬುಡಿ,” ಎಂದರು ಸಂತೋಷನಿಗೆ.

“ಬುಟ್ರೆ ಓಡೋಯ್ತದೆ ಕಣಮ್ಮೋ!”

“ಓಡ್ತಾ ಇಲ್ವಲ್ಲಪ್ಪಾ, ಹಿಂದಕ್ಕೆ ಬತ್ತಾ ಅದೆ. ಬಾ ಬಾ ಅಂತ ನೀವೇ ಕರೀತಾ ಇದೀರಿ.”

ಅವನ ಮುಷ್ಟಿಯ ಮೇಲೆ ಕೈಯಿಟ್ಟು ಮೆಲ್ಲಗೆ ಕೆಳಗಿಳಿಸಿದರು. ಲಗಾಮು ಸಡಿಲವಾಯಿತು. ಮೋತಿ ನಿಂತಿತು. ಆಮೇಲೆ ಖಾಲಾ ತಮ್ಮ ಚೀಲದಿಂದ ಹೂ ಕಟ್ಟುವ ಒದ್ದೆ ನಾರಿನ ಕಟ್ಟು ತೆಗೆದರು. ಲಗಾಮನ್ನು ಕಡಿವಾಣದಿಂದ ಬಿಚ್ಚಿ, ಎರಡೂ ಕಡೆ ಒಂದೊಂದು ಎಳೆ ನಾರಿನಿಂದ ಕಟ್ಟಿದರು. ಮೋತಿಯ ಮುಖಪಟ್ಟಿಯ ಹಗ್ಗ ಹೇಗೂ ಅವರ ಕೈಯಲ್ಲಿತ್ತು.

“ಎಲಾ ಇವ್ನ, ಊವಿನ ನಾರಲ್ಲಿ ಕುದ್ರೆ ಕಟ್ತಾವ್ರಲ್ಲೋ!” ಎಂದ ಅದೇ ಗೆಳೆಯ.

“ಈ ನಾರು ಹರೀಬಾರ್ದು ಗೌಡ್ರೇ. ಅಷ್ಟೇ ನಿಮ್ಮ ಕೆಲ್ಸ,” ಎಂದರು ಖಾಲಾ.

ಪುಟ್ಟಗೌರಮ್ಮ ಹಿಂದಿನಿಂದ ಕೂಗಿದರು: “ಅರ್ದುಗಿರ್ದೀಯ ಮಗಾ! ಬೀಗರ ಮುಂದೆ ಮಾನ ಓಯ್ತದೆ.”

ಸಂತೋಷ್ ಲಗಾಮನ್ನು ಬೆರಳ ತುದಿಯಲ್ಲಿ ಹಿಡಿದ. ಗೆದ್ದ ಓಟದಲ್ಲೂ ಅವನು ಅಷ್ಟು ಎಚ್ಚರವಾಗಿ ಕುಳಿತಿರಲಾರ. ಮೋತಿ ತಲೆ ತಗ್ಗಿಸಿತು. ಬಾಯಿ ಆಡಿಸುತ್ತಾ ಹೆಜ್ಜೆ ಹಾಕಿತು. ತಮಟೆ ಮತ್ತೆ ಶುರುವಾಯಿತು. ಖಾಲಾ ಅದರ ಕುತ್ತಿಗೆಯ ಪಕ್ಕದಲ್ಲಿ ನಡೆದರು. ಅವರ ಕೈಯ ಹಗ್ಗ ದಾರಿಯುದ್ದಕ್ಕೂ ಜೋತಾಡುತ್ತಲೇ ಇತ್ತು. ನಾನು ಅದನ್ನೇ ನೋಡುತ್ತಾ ಬಂದೆ.

ಮಂಟಪದ ತಿರುವಿನಲ್ಲಿ ಯಾರೋ ಪಟಾಕಿ ಸರ ಹಚ್ಚಿದರು. ಮೋತಿ ಗಕ್ಕನೆ ನಿಂತು ಕಿವಿ ನಿಮಿರಿಸಿತು. ಸಂತೋಷನ ಕೈ ತಾನಾಗಿ ಎದೆಯ ಕಡೆ ಏರಿತು. ನಾರು ನೆಟ್ಟಗಾಯಿತು.

“ಕೈ,” ಎಂದರು ಖಾಲಾ. ಕೂಗಲಿಲ್ಲ.

ಅವನು ಬೆರಳು ಬಿಚ್ಚಿದ. ಮೋತಿ ದೊಡ್ಡದಾಗಿ ಉಸಿರು ಬಿಟ್ಟು, ಹೊಗೆಯ ಪಕ್ಕದಲ್ಲೇ ಮುಂದೆ ನಡೆಯಿತು.

ಮಂಟಪದ ಬಾಗಿಲಲ್ಲಿ ಪುಟ್ಟಗೌರಮ್ಮ ಮೊದಲು ಮೊಮ್ಮಗನನ್ನು ನೋಡಲಿಲ್ಲ; ನಾರನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. ಎರಡೂ ಎಳೆ ಹಾಗೇ ಇದ್ದವು. ಆರತಿ ತಟ್ಟೆಯಿಂದ ಒಂದು ಮೊಳ ಮಲ್ಲಿಗೆ ತೆಗೆದು ಮೋತಿಯ ಹಣೆಪಟ್ಟಿಗೆ ಸಿಕ್ಕಿಸಿದರು. “ನೋಡ್ಕೊ ಮಗಾ, ಎಂಡ್ತಿ ಜೊತೆಗೂ ಇದೇ ಕೈ ಮಡಿಕ್ಕೊ,” ಎಂದರು. ಸಂತೋಷನ ಮುಖ ಕೆಂಪಾಯಿತು. ಹಿಂದೆ ನಿಂತಿದ್ದವರೆಲ್ಲ ಮತ್ತೆ ನಕ್ಕರು. ಈ ಸಲ ಖಾಲಾ ಕೂಡ ನಕ್ಕರು.

ಮರುದಿನ ಬೆಳಿಗ್ಗೆ ಗುಜರಿಯವನ ಗಾಡಿ ನಮ್ಮ ಬೀದಿಗೆ ಬಂತು. ಅಜ್ಮಲ್ ತಾವೇ ಹೋಗಿ ಮುಳ್ಳು ಕಡಿವಾಣವನ್ನು ಅದರೊಳಗೆ ಹಾಕಿ ಬಂದರು. ಕೈ ತೊಳೆದುಕೊಂಡು ಬಂದು, ಟಾಂಗಾ ಹತ್ತಿ ಕುಳಿತರು.

“ಏನ್ರೀ?” ಎಂದರು ಖಾಲಾ.

“ನಂಗೂ ಒಂದು ನಾರು ಕಟ್ಟು, ನೋಡಾನ.”

ಕಟ್ಟಿಕೊಟ್ಟರು. ಬೀದಿಯ ಮೊದಲ ತಿರುವಿನಲ್ಲೇ ಅದು ಹರಿಯಿತು. ಮೋತಿ ನಿಂತು, ಹಿಂದಕ್ಕೆ ತಿರುಗಿ ಅಜ್ಮಲ್‌ರನ್ನು ನೋಡಿತು.

“ಅರೇ, ಆಟೋ ಹ್ಯಾಂಡಲ್ ಅಲ್ಲ ರೀ ಅದು! ಇಳೀರಿ, ಮನೆಗೆ ನಡ್ಕೊಂಡು ಬನ್ನಿ,” ಎಂದು ಖಾಲಾ ಜಗುಲಿಯಿಂದಲೇ ಕೂಗಿದರು. ಹಾಗೆ ಕೂಗುತ್ತಲೇ ನೀರಿನ ಬಟ್ಟಲಿನಿಂದ ಇನ್ನೊಂದು ಎಳೆ ನಾರು ತೆಗೆದು, ಉದ್ದ ನೋಡಿ, ನಾಳೆಗೆಂದು ಪಕ್ಕಕ್ಕಿಟ್ಟರು.