ಅಂಗಡಿಯ ಗಾಜಿನೊಳಗೆ ನಮ್ಮ ಅತ್ತೆ

ನನ್ನ ಹೆಂಡತಿಯ ತಾಯಿ ಆಯುಸ್ಸಿನ ಬಹುಪಾಲನ್ನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಳೆದವರು. ಊರಿನ ಅರ್ಧ ಜನ ಅವರ ಮುಖ ನೋಡಿರಲಿಲ್ಲ, ದನಿ ಮಾತ್ರ ಕೇಳಿದ್ದರು. ನಿವೃತ್ತಿಯಾಗಿ ಎಷ್ಟೋ ವರ್ಷಗಳಾದ ಮೇಲೂ ತರಕಾರಿ ಅಂಗಡಿಯಲ್ಲಿ ಅವರು ಬಾಯಿ ತೆರೆದರೆ ಸಾಕು, ತಲೆ ನರೆತ ಯಾರಾದರೊಬ್ಬರು ಗಕ್ಕನೆ ತಿರುಗಿ, "ನೀವು ಟ್ರಂಕ್‌ಕಾಲ್ ಅಮ್ಮ ಅಲ್ವಾ?" ಎನ್ನುತ್ತಿದ್ದರು.

ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆ ಇರಲು ಬಂದರು. ಬರುವಾಗ ತಂದದ್ದು ಒಂದು ಪೆಟ್ಟಿಗೆ, ಒಂದು ರೇಡಿಯೋ. ಮಾವನ ಮನೆತನದ ಆನೆ ಗಾತ್ರದ ಕಪಾಟು, ಮೇಜು, ಮಂಚಗಳನ್ನೆಲ್ಲ ಮಾವನ ತಮ್ಮನಿಗೆ ಸಾಗಹಾಕಿ ಕೈ ತೊಳೆದುಕೊಂಡಿದ್ದರು. "ಅದರ ಕೆಳಗೆ ಪೊರಕೆ ಹೋಗ್ತಿರ್ಲಿಲ್ಲ ಕಣಪ್ಪ. ಜೀವನಪೂರ್ತಿ ಅದರ ಸುತ್ತ ಗುಡಿಸಿದ್ದೇ ಗುಡಿಸಿದ್ದು. ಇನ್ನು ನಂಗೆ ಬೇಕಾಗಿರೋದು ಸಣ್ಣ ಕಾಲಿನ ಸಾಮಾನು" ಎಂದರು.

ಸಣ್ಣ ಕಾಲಿನ ಸಾಮಾನು ಎಂದರೆ ಅವರ ತಾರುಣ್ಯದ ಕಾಲದ್ದು. ಓರೆಯಾಗಿ ಚಾಚಿಕೊಂಡು ತುದಿಗೆ ಬರಬರುತ್ತಾ ಪೆನ್ಸಿಲಿನಂತಾಗುವ ಕಾಲುಗಳ ಕುರ್ಚಿ, ಮೂರು ಕಾಲಿನ ಮೇಜು, ಸಾಸಿವೆ ಬಣ್ಣದ ಶೇಡಿನ ದೀಪ. ನಾನು ಸಿಟಿ ಬಸ್ಸಿನ ಡ್ರೈವರ್. ವಾರದ ರಜೆ ಬಂತೆಂದರೆ ಅತ್ತೆ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿರುತ್ತಿದ್ದರು. ಹಳೇ ಸಾಮಾನಿನ ಬೀದಿಯಲ್ಲಿ ನಾವಿಬ್ಬರೂ ಕುರ್ಚಿಗಳನ್ನು ಬೋರಲು ಹಾಕಿ, ಕಾಲು ಅಲ್ಲಾಡಿಸಿ, ಸೀಟಿನ ಸಂದುಗಳಿಗೆ ಮೂಗು ತೂರಿಸಿ ಬರುತ್ತಿದ್ದೆವು. ಕೊಳ್ಳುತ್ತಿರಲಿಲ್ಲ. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್, ಅವಳ ಕಟ್ಟಪ್ಪಣೆಯಾಗಿತ್ತು: "ದಿನಾ ಮಂಚಗಳ ಮಧ್ಯೆ ಓಡಾಡಿ ಸಾಕಾಗಿದೆ. ಮನೇಲಿ ನೆಲ ಕಾಣ್ಬೇಕು ನಂಗೆ. ಒಂದು ಸ್ಟೂಲ್ ತಂದ್ರೂ ನಿಮ್ಮಿಬ್ಬರನ್ನೂ ಹೊರಗೆ ಹಾಕ್ತೀನಿ."

ಹೀಗಿರುವಾಗ ನಮ್ಮ ಡಿಪೋದ ಎದುರು ಹೊಸ ಅಂಗಡಿಯೊಂದು ತೆರೆಯಿತು. ಹಳೇ ಕಾಲದ ಮಾದರಿಯಲ್ಲಿ ಹೊಸದಾಗಿ ಮಾಡಿದ ಸಾಮಾನು. ಬೀದಿಗೆ ಕಾಣುವ ಗಾಜಿನ ಹಿಂದೆ ಒಂದು ಇಡೀ ಕೋಣೆಯನ್ನೇ ಜೋಡಿಸಿದ್ದರು: ಗೋಡೆಯಲ್ಲಿ ಸೂರ್ಯನಂತೆ ಕಿರಣ ಚಾಚಿದ ಗಡಿಯಾರ, ಗೋಡಂಬಿ ಆಕಾರದ ಮೇಜು, ಪಕ್ಕದಲ್ಲಿ ಹಳದಿ ಕುರ್ಚಿ. ಅತ್ತೆ "ಥೂ, ನಕಲಿ" ಎನ್ನುತ್ತಾರೆಂದುಕೊಂಡಿದ್ದೆ. ಅವರು ಗಾಜಿಗೆ ಹಣೆ ಹಚ್ಚಿ ನಿಂತುಬಿಟ್ಟರು.

"ಇದು ಅಸಲಿ ಹಳೇದಲ್ಲ ಅತ್ತೆ."

"ಒಳ್ಳೇದೇ ಆಯ್ತು, ತಿಗಣೆ ಇರಲ್ಲ. ನಂಗೆ ಬೇಕಿರೋದು ಕುರ್ಚಿ ಕಣಪ್ಪ, ಅದರ ವಂಶಾವಳಿ ಅಲ್ಲ."

ಒಳಗೆ ಅಂಗಡಿಯ ಒಡತಿ ಒಬ್ಬಳೇ ನೊಣ ಹೊಡೆಯುತ್ತಾ ಕುಳಿತಿದ್ದಳು. ಅಂಗಡಿ ತೆರೆದಾಗಿನಿಂದ ಬಂದವರೆಲ್ಲ ಬೆಲೆ ಕೇಳಿ ನಮಸ್ಕಾರ ಹೇಳಿ ಹೋದವರೇ. ಅತ್ತೆ ಅವಳ ಅನುಮತಿ ಕೇಳಿ ಹಳದಿ ಕುರ್ಚಿಯಲ್ಲಿ ಕೂತರು. ನಾನು ಹಿಂದಿನ ಸಾಲಿನ ದೀಪಗಳನ್ನು ನೋಡಿ ಬರುವಷ್ಟರಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿ ಅರೆತೆರೆದು, ನಿದ್ದೆ ಹೋಗಿದ್ದರು.

ಎಬ್ಬಿಸಲು ಹೋದೆ. ಒಡತಿ ತಡೆದಳು. "ಪಾಪ, ಮಲಗ್ಲಿ ಬಿಡಿ. ಇಲ್ಲಿ ಯಾರು ಬರ್ತಾರೆ?"

ಬಂದರು. ಮೊದಲು ಗಾಜಿನಾಚೆ ಇಬ್ಬರು ನಿಂತರು, ನೋಡನೋಡುತ್ತಲೇ ಗುಂಪಾಯಿತು. "ಬೊಂಬೆ ಅದು" ಎಂದು ಒಬ್ಬ. "ಬೊಂಬೆ ಗೊರಕೆ ಹೊಡೆಯುತ್ತೇನ್ರೀ?" ಎಂದು ಇನ್ನೊಬ್ಬಾಕೆ. ಪಂದ್ಯ ಕಟ್ಟಿದವರು ಪರೀಕ್ಷೆ ಮಾಡಲು ಒಳಗೇ ಬಂದರು. ಅವರ ಬೆನ್ನಿಗೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದು ಪಿಸುದನಿಯಲ್ಲಿ, "ನಮಗೆ ಆ ಅಜ್ಜಿ ಕೂತಿರೋ ಕುರ್ಚಿನೇ ಬೇಕು. ಅಂಥವು ಎರಡು" ಎಂದಿತು. ಒಡತಿಯ ಮುಖ ಅರಳಿತು.

ಆಗ ಕುರ್ಚಿಯಿಂದ, ಕಣ್ಣು ಮುಚ್ಚಿದಂತೆಯೇ, ಊರಿಗೆಲ್ಲ ಗೊತ್ತಿದ್ದ ಆ ದನಿ ಬಂತು. "ನಿಮ್ಮ ಮಾತಿನ ಮಧ್ಯೆ ಬರ್ತಿದ್ದೀನಿ, ಕ್ಷಮಿಸಿ. ಈ ಕುರ್ಚಿ ನಿಮಗೆ ಆಗಲ್ಲ."

ಅತ್ತೆ ಎದ್ದು ನಿಂತು, ಬಿದಿರಿನ ಗಳುವಿನಂತೆ ಉದ್ದವಿದ್ದ ಆ ಹುಡುಗನನ್ನು ಕುರ್ಚಿಯಲ್ಲಿ ಕೂರಿಸಿದರು. ಅವನ ಮೊಣಕಾಲು ಗಲ್ಲಕ್ಕೆ ಬಂತು. ಅವನ ಹೆಂಡತಿ ಕಿಸಕ್ಕನೆ ನಕ್ಕಳು.

"ಸಾಯಂಕಾಲ ಇಬ್ರೂ ಒಟ್ಟಿಗೆ ಕೂರ್ತೀರೋ, ಬೇರೆ ಬೇರೆನೋ?" ಅತ್ತೆ ಕೇಳಿದರು.

"ಒಟ್ಟಿಗೇ" ಎಂದು ಆ ಹುಡುಗಿ ನೆಲ ನೋಡಿದಳು.

"ಹಾಗಿದ್ಮೇಲೆ ಎರಡು ಕುರ್ಚಿ ಯಾಕಮ್ಮ? ಆ ಮೂಲೇಲಿರೋ ಹಸಿರು ಸೋಫಾ ನೋಡು. ಎತ್ತರ ಇದೆ, ನಿನ್ನ ಗಂಡ ಮಡಚಿಕೊಳ್ಳೋದು ಬೇಡ."

ಅವರು ಸೋಫಾ ಕೊಂಡರು. ನೋಡುತ್ತಾ ನಿಂತಿದ್ದವರೂ "ನಮಗೆ ಯಾವ್ದು ಆಗುತ್ತಮ್ಮ?" ಎಂದು ಅತ್ತೆಯನ್ನು ಸುತ್ತುವರಿದರು. ಬಾಗಿಲು ಹಾಕುವ ಹೊತ್ತಿಗೆ ಒಡತಿ ಅವರ ಕೈ ಹಿಡಿದುಕೊಂಡಳು.

"ಅಮ್ಮ, ನಾಳೆನೂ ಬರ್ತೀರಾ?"

"ಬಂದು ಏನ್ ಮಾಡ್ಲಿ?"

"ಕೂತ್ಕೊಳ್ಳಿ. ನಿದ್ದೆ ಬಂದ್ರೆ ಮಾಡಿ. ಸಂಬಳ ಕೊಡ್ತೀನಿ."

ಅತ್ತೆ ನನ್ನ ಕಡೆ ತಿರುಗಿದರು. "ಕೇಳಿಸ್ಕೊಂಡ್ಯಾ? ಎಕ್ಸ್‌ಚೇಂಜಲ್ಲಿ ತೂಕಡಿಸಿದ್ರೆ ಮೆಮೋ ಕೊಡ್ತಿದ್ರು!"

ಅತ್ತೆ ಕೆಲಸಕ್ಕೆ ಸೇರಿದರು. ಮನೆಯಲ್ಲಿ ಮಾತ್ರ "ಪಾರ್ಕಿಗೆ ಹೋಗ್ತೀನಿ" ಎಂದು ಹೇಳುತ್ತಿದ್ದರು, ನಾನು ಹೂಂಗುಟ್ಟುತ್ತಿದ್ದೆ. ಪಾರ್ಕಿನ ಗಾಳಿಯಿಂದ ಅಮ್ಮನ ಮುಖದಲ್ಲಿ ಕಳೆ ಬಂದಿದೆ ಎಂದು ನನ್ನಾಕೆಗೂ ಖುಷಿಯೇ. ಆದರೆ ಒಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ರೋಗಿಯೊಬ್ಬ, "ಸಿಸ್ಟರ್, ಡಿಪೋ ಎದುರಿನ ಅಂಗಡೀಲಿ ನಿಮ್ಮ ತಾಯಿ ಹೇಳಿದ ಕುರ್ಚಿ ತಗೊಂಡ ಮೇಲೆ ನನ್ನ ಸೊಂಟನೋವು ಎಷ್ಟೋ ವಾಸಿ" ಎಂದುಬಿಟ್ಟ. ಡ್ಯೂಟಿ ಮುಗಿದದ್ದೇ ತಡ, ಯೂನಿಫಾರ್ಮಿನಲ್ಲೇ ಅವಳು ಅಂಗಡಿಗೆ ನುಗ್ಗಿದಳು. ಊಟದ ಬಿಡುವಿನಲ್ಲಿ ನಾನೂ ಅಲ್ಲೇ ಇದ್ದೆ; ಸೂರ್ಯನ ಗಡಿಯಾರದ ಕೆಳಗೆ ಗೋಡೆಗೆ ಅಂಟಿಕೊಂಡು ನಿಂತೆ.

"ಅಮ್ಮ! ಊರೋರೆಲ್ಲ ನೋಡೋ ಹಾಗೆ ಗಾಜಿನೊಳಗೆ ಕೂರೋಕೆ ನೀನೇನು ಮೀನಾ?"

"ಮೊದ್ಲು ಕೂತ್ಕೋ. ಆಮೇಲೆ ಬೈ."

ಬೈಯಲೆಂದೇ ಅವಳು ಹಳದಿ ಕುರ್ಚಿಯಲ್ಲಿ ಧೊಪ್ಪನೆ ಕುಳಿತಳು. ಬಾಯಿ ತೆರೆದಳು. ಬೈಗುಳ ಬರಲಿಲ್ಲ. ಇಡೀ ಪಾಳಿ ನಿಂತೇ ಕಳೆದ ಬೆನ್ನು ಕುರ್ಚಿಯ ಒರಗಿಗೆ ತಾಗಿತ್ತು. ತಲೆ ತಾನಾಗಿ ಹಿಂದಕ್ಕೆ ಹೋಯಿತು. ಅತ್ತೆ ಬಗ್ಗಿ ಮಗಳ ಶೂ ಕಳಚಿ, ಊದಿದ ಪಾದಗಳ ಕೆಳಗೆ ಒಂದು ಪುಟ್ಟ ಮಣೆಯಂಥ ಸ್ಟೂಲನ್ನು ಸರಿಸಿದರು.

"ನಿನ್ನ ಹೊಟ್ಟೇಲಿಟ್ಕೊಂಡು ಬೆನ್ನಿಲ್ಲದ ಸ್ಟೂಲ್ ಮೇಲೆ ಡ್ಯೂಟಿ ಮಾಡಿದೀನಿ ಕಣೆ. ಎದುರಿಗೇ ಸಾಹೇಬರ ಕೋಣೆ. ಬಾಗಿಲು ತೆರೆದಾಗೆಲ್ಲ ಇಂಥ ಕುರ್ಚಿಗಳು ಕಾಣ್ತಿದ್ವು, ಖಾಲಿ. ಒಂದಿನಾನೂ ಯಾರೂ ಕೂತ್ಕೊಳಮ್ಮ ಅನ್ನಲಿಲ್ಲ."

ನನ್ನಾಕೆ ಇದನ್ನು ಎಂದೂ ಕೇಳಿರಲಿಲ್ಲ. ಅಮ್ಮನ ಸೆರಗು ಹಿಡಿದೆಳೆದು ಪಕ್ಕದ ಇನ್ನೊಂದು ಕುರ್ಚಿಯಲ್ಲಿ ಕೂರಿಸಿದಳು. ತಾಯಿ ಮಗಳು ಗಾಜಿನ ಹಿಂದೆ ಹೀಗೆ ಕೂತದ್ದನ್ನು ನೋಡಿ ನನ್ನ ಬಸ್ಸಿನ ಕಂಡಕ್ಟರ್ ರಸ್ತೆಯಾಚೆಯಿಂದ ಸೀಟಿ ಊದಿದ.

ಆ ಎರಡೂ ಕುರ್ಚಿಗಳು ಈಗ ನಮ್ಮ ಕಿಟಕಿಯ ಬಳಿ ಇವೆ. ಅವುಗಳ ಕೆಳಗೆ ಪೊರಕೆ ಸಲೀಸಾಗಿ ಹೋಗುತ್ತದೆ, ನೆಲವೂ ಕಾಣುತ್ತದೆ. ಅತ್ತೆ ಕೆಲಸ ಬಿಟ್ಟಿಲ್ಲ. ಹೋದ ವಾರ ತಾಯಿ ಮಗಳು ಸೇರಿ ದೀಪ ಕೊಳ್ಳಲು ಹೊರಟರು. ನಾನೂ ಚಪ್ಪಲಿ ಹಾಕಿಕೊಂಡೆ.

"ನೀವು ಬೇಡ" ಎಂದಳು ಹೆಂಡತಿ. "ನಿಮಗೆ ಬಣ್ಣ ಗೊತ್ತಾಗಲ್ಲ."

ಕತ್ತಲಾಗುವ ಮೊದಲು ಇಬ್ಬರೂ ಜಗಳವಾಡುತ್ತಲೇ ವಾಪಸಾದರು. ಒಬ್ಬರ ಕೈಯಲ್ಲಿ ಕಿತ್ತಳೆ ದೀಪ, ಇನ್ನೊಬ್ಬರ ಕೈಯಲ್ಲಿ ನೀಲಿ. ಯಾವುದು ಚೆಂದ ಎಂದು ನನ್ನನ್ನು ಕೇಳಿದರು. ನಾನು ಬಲ್ಬು ತರುತ್ತೇನೆಂದು ಹೇಳಿ ಮೆಟ್ಟಿಲಿಳಿದೆ.