ಐದರ ಲೆಕ್ಕ, ಆರರ ಲೆಕ್ಕ

ಮಕ್ಕಳೇ, ನಿಮ್ಮ ರಕ್ತಪರೀಕ್ಷೆಯ ವರದಿ ಈಗ ಫೋನಿಗೇ ಬರುತ್ತದೆ. ಕೆಟ್ಟ ಕೊಲೆಸ್ಟರಾಲ್ ಎಷ್ಟು ಎಂದು ಬರೆದ ಸಾಲನ್ನು ನೀವು ಒಮ್ಮೆ ನೋಡಿ ಮುಂದೆ ಹೋಗುತ್ತೀರಿ. ನನಗೆ ಮಾತ್ರ ಆ ಸಾಲು ಕಂಡಾಗಲೆಲ್ಲ ಮುಂಬೈ ಕುರ್ಲಾದ ಒಂದು ಲ್ಯಾಬು, ಅಲ್ಲಿ ಪೆನ್ಸಿಲ್ ಹಿಡಿದು ಕೂತ ಒಬ್ಬ ಡಾಕ್ಟರಮ್ಮ ನೆನಪಾಗುತ್ತಾರೆ. ಆ ಸಾಲನ್ನು ಹಾಗೆ ದಾಟಿ ಹೋಗಬೇಡಿ ಎಂದು ಎದುರು ಕೂತು ಹೇಳುವ ಧೈರ್ಯ ನನಗೆ ಯಾವತ್ತೂ ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾವು ಆಗ ಕುರ್ಲಾದ ಚಾಳಿನಲ್ಲಿದ್ದೆವು. ನಿಮ್ಮ ಅಜ್ಜ ಮತ್ತು ಅವರ ಅಣ್ಣ ಇಬ್ಬರೂ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಅಣ್ಣ ಗಲ್ಲಾದಲ್ಲಿ, ಇವರು ಅಡುಗೆಮನೆಯಲ್ಲಿ. ಒಂದು ಬೆಳಿಗ್ಗೆ ಆ ಅಣ್ಣ, ನನ್ನ ಭಾವ, ಗಿರಾಕಿಯ ಜೊತೆ ಮಾತಾಡುತ್ತಿದ್ದವರು ಹಾಗೇ ಗೋಡೆಗೆ ಒರಗಿದರು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಐವತ್ತೂ ಆಗಿರಲಿಲ್ಲ. ನನ್ನ ಮಾವನವರೂ ಊರಿನಲ್ಲಿ ಹೀಗೆಯೇ, ನಿಂತಲ್ಲೇ ಹೋದವರು. ಅಣ್ಣ ತಮ್ಮಂದಿರದು ಒಂದೇ ಅಚ್ಚಿನ ಮುಖ. ಹಳೆಯ ಗಿರಾಕಿಗಳು ನಿಮ್ಮ ಅಜ್ಜನನ್ನು ಕಂಡು ಒಂದು ಕ್ಷಣ ಬೆಚ್ಚುತ್ತಿದ್ದರು.

ಇವರು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಆದರೆ ಚಾಳಿನ ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಚಪ್ಪಲಿ ಸರಿಮಾಡುವವರ ಹಾಗೆ ಬಗ್ಗಿ ಉಸಿರು ಎಳೆದುಕೊಳ್ಳುವುದನ್ನು ನಾನು ನೋಡಿದ್ದೆ. ಅಪ್ಪನನ್ನೂ ಅಣ್ಣನನ್ನೂ ತೆಗೆದುಕೊಂಡು ಹೋದದ್ದು ತನ್ನ ರಕ್ತದಲ್ಲೂ ಇದೆಯೇ? ನಮ್ಮ ಹತ್ತು ಅಡಿ ಕೋಣೆಯಲ್ಲಿ ಆ ಪ್ರಶ್ನೆಯೂ ಒಂದು ಜಾಗ ಹಿಡಿದು ಕೂತಿತ್ತು. ಕೊನೆಗೆ ನಮ್ಮ ಡಾಕ್ಟರು, ರಕ್ತ ತೋರಿಸಿ ಎಂದು ಲ್ಯಾಬಿಗೆ ಕಳಿಸಿದರು.

ಲ್ಯಾಬು ಒಂದು ಹಳೆಯ ಬಿಲ್ಡಿಂಗಿನ ಮೊದಲ ಮಾಳಿಗೆಯಲ್ಲಿತ್ತು. ಕೆಳಗೆ ಲೋಕಲ್ ರೈಲು ಹೋದಾಗಲೆಲ್ಲ ಕಪಾಟಿನ ಸೀಸೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ಡಾಕ್ಟರಮ್ಮ ಧಾರವಾಡದ ಕಡೆಯವರು. ಇಳಕಲ್ ಸೀರೆಯ ಮೇಲೆ ಬಿಳಿ ಕೋಟು, ಕೈಯಲ್ಲಿ ಬಳೆಯ ಬದಲು ಗಡಿಯಾರ. ಗಂಡಸರು ನಿಂತು ಕಾಯುತ್ತಿರುವಾಗ ಒಬ್ಬ ಹೆಂಗಸು ಕೂತು, ಅವಸರವಿಲ್ಲದೆ ತನ್ನ ಕೆಲಸ ಮುಗಿಸಿ ಆಮೇಲೆ ತಲೆಯೆತ್ತುವುದನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ. ಊರಿನ ಶಾಲೆಯಲ್ಲಿ ಏಳನೆಯ ತರಗತಿ ಓದಿದ ನಾನು ಬಾಗಿಲ ಬಳಿಯೇ ನಿಂತುಬಿಟ್ಟೆ.

"ಒಳಗ ಬರ್ರಿ ಅಕ್ಕಾರ, ಬಾಗಿಲಾ ಕಾಯಾಕ ಬಂದೀರೇನು?" ಎಂದರು. ಮುಂಬೈಯ ಗದ್ದಲದಲ್ಲಿ ಕನ್ನಡ ಕೇಳಿ ನಾನು ಹೊಸ್ತಿಲು ದಾಟಿದೆ. ಅವರು ನಿಮ್ಮ ಅಜ್ಜನಿಗೆ ಹೇಳಿದ್ದು ಒಂದೇ ಮಾತು: "ನಾಳೆ ಮುಂಜಾನೆ ಉಪವಾಸ ಬರ್ರಿ."

ಎಡವಟ್ಟಾದದ್ದು ಆ ಒಂದು ಶಬ್ದದಿಂದ. ನಮ್ಮ ಊರಿನಲ್ಲಿ ಊಟವೆಂದರೆ ಅನ್ನ. ಅನ್ನ ಬಿಟ್ಟರೆ ಉಪವಾಸ, ಮಿಕ್ಕದ್ದೆಲ್ಲ ಫಲಾಹಾರ. ಮುಂಬೈಯಲ್ಲಿ ಉಪವಾಸಕ್ಕೆ ಬೇರೆಯೇ ಅಡುಗೆಯಿದೆ. ನಿಮ್ಮ ಅಜ್ಜನ ಹೋಟೆಲಿನಲ್ಲೇ ಏಕಾದಶಿಗೆ ಸಾಬುದಾಣೆಯ, ಅಂದರೆ ಸಬ್ಬಕ್ಕಿಯ ವಡೆ ಕರಿದು ಪೂರೈಸುತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ನಾವು ಹೊರಡುವ ಹೊತ್ತಿಗೆ ನನ್ನಿಂದಲೇ ಸುದ್ದಿ ತಿಳಿದಿದ್ದ ಪಕ್ಕದ ಕೋಣೆಯ ಮರಾಠಿ ಅಜ್ಜಿ ಒಂದು ತಾಟು ಸಾಬುದಾಣೆ ಖಿಚಡಿ ಹಿಡಿದು ಬಂದರು. ಮೇಲೆ ಧಾರಾಳ ತುಪ್ಪ, ಶೇಂಗಾಪುಡಿ, ತೆಂಗಿನಕಾಯಿ.

"ಭಾವೂಂಚಾ ಉಪವಾಸ್ ಆಹೇ ನಾ?" ಇವರಿಗೆ ಇವತ್ತು ಉಪವಾಸವಲ್ಲವೇ, ಎಂದು ಕೇಳಿ ತಾಟನ್ನು ಇವರ ಕೈಗೇ ಕೊಟ್ಟರು. ಉಪವಾಸದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದು ಅವರ ಲೆಕ್ಕದಲ್ಲಿ ಪಾಪ. ಇವರು ಸಂತೋಷದಿಂದ ತಿಂದರು. ಮೇಲೆ ನಾನು ಗಟ್ಟಿ ಹಾಲಿನ ಕಾಫಿ ಕೊಟ್ಟೆ. ಹಾಗೇ ಹೋಗಿ ರಕ್ತ ಕೊಟ್ಟು ಬಂದೆವು. ನಮಗೆ ಯಾರಿಗೂ ಏನೂ ತಪ್ಪಾಯಿತೆಂದು ಅನ್ನಿಸಲಿಲ್ಲ.

ವರದಿಗೆಂದು ಹೋದ ದಿನ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ ಕೂತಿದ್ದರು. ಎದುರಿನ ಹಾಳೆಯಲ್ಲಿ ಪೆನ್ಸಿಲಿನ ಎರಡು ಲೆಕ್ಕ.

"ಕೆಟ್ಟ ಕೊಬ್ಬು ಬಾಳ ಇಲ್ಲ ಅಂತ ಬಂದದ," ಎಂದರು.

ನಿಮ್ಮ ಅಜ್ಜನ ಮುಖ ದೀಪ ಹಚ್ಚಿದ ಹಾಗಾಯಿತು. "ನಾನು ಹೇಳಿದ್ದಲ್ವಾ, ಮಾರಾಯ್ತಿ? ಸುಮ್ಮನೆ ಹೆದರಿದ್ದು ನೀನು," ಎಂದು ನನ್ನ ಕಡೆ ತಿರುಗಿದರು. ಹೆದರಿದ್ದು ಯಾರೆಂದು ನನಗೆ ಗೊತ್ತಿತ್ತು. ಅವರು ವರದಿಗೆ ಕೈ ಚಾಚಿದರು. ಡಾಕ್ಟರಮ್ಮ ಕೊಡಲಿಲ್ಲ.

"ತಡೀರಿ. ಬಂದದ ಅಂದೆ, ಖರೇ ಅದ ಅನ್ನಲಿಲ್ಲ."

ಆಮೇಲೆ ಅವರು ಹೇಳಿಕೊಟ್ಟದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಕೆಟ್ಟ ಕೊಲೆಸ್ಟರಾಲನ್ನು ನೇರವಾಗಿ ಅಳೆಯುವ ಯಂತ್ರ ಅಂಥ ಸಣ್ಣ ಲ್ಯಾಬುಗಳಲ್ಲಿ ಇರಲಿಲ್ಲ. ರಕ್ತದ ಒಟ್ಟು ಕೊಲೆಸ್ಟರಾಲ್ ಅಳೆಯಬಹುದಿತ್ತು, ಒಳ್ಳೆಯದನ್ನು ಅಳೆಯಬಹುದಿತ್ತು. ಟ್ರೈಗ್ಲಿಸರೈಡ್ ಎಂಬ ಇನ್ನೊಂದು ಕೊಬ್ಬನ್ನೂ ಅಳೆಯಬಹುದಿತ್ತು. ಆ ಕೊಬ್ಬು ತನ್ನ ಜೊತೆಗೆ ಸ್ವಲ್ಪ ಕೊಲೆಸ್ಟರಾಲನ್ನೂ ಹೊತ್ತುಕೊಂಡು ತಿರುಗುತ್ತದಂತೆ. ಒಟ್ಟಿನಲ್ಲಿ ಒಳ್ಳೆಯದನ್ನು ಕಳೆ, ಆ ಸ್ವಲ್ಪವನ್ನೂ ಕಳೆ, ಉಳಿದದ್ದು ಕೆಟ್ಟದ್ದು. ಆದರೆ ಆ ಸ್ವಲ್ಪ ಎಷ್ಟು? ಹೊರದೇಶದಿಂದ ಆಗಷ್ಟೇ ಬಂದ ಸೂತ್ರ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗ ಎನ್ನುತ್ತಿತ್ತು. ಆರನೇ ಒಂದು ಭಾಗವೇ ಹತ್ತಿರ ಎಂದು ಅವರ ಗುರುಗಳೊಬ್ಬರ ವಾದ. ಡಾಕ್ಟರಮ್ಮ ಯಾರ ಮಾತನ್ನೂ ಕಣ್ಣುಮುಚ್ಚಿ ನಂಬದೆ, ಬಂದ ಪ್ರತಿ ರಕ್ತಕ್ಕೂ ಎರಡನ್ನೂ ಮಾಡಿ ಅಕ್ಕಪಕ್ಕ ಇಟ್ಟು ನೋಡುತ್ತಿದ್ದರು. ಯಾರೂ ಅವರಿಗೆ ಹಾಗೆ ಮಾಡಿ ಎಂದು ಹೇಳಿರಲಿಲ್ಲ.

"ಉಪವಾಸದ ರಕ್ತದೊಳಗ ಐದರ ಲೆಕ್ಕ ಆರರ ಲೆಕ್ಕ ಎರಡೂ ಅಕ್ಕತಂಗೇರ ಹಂಗ ಹತ್ರಹತ್ರ ಇರ್ತಾವ. ನಿಮ್ಮವು ನೋಡ್ರಿ, ಜಗಳಾಡಿ ದೂರ ಕೂತಾವ," ಎಂದರು. ಅಂದರೆ ಭಾಗಿಸಬೇಕಾದ ಟ್ರೈಗ್ಲಿಸರೈಡೇ, ಏನಾದರೂ ತಿಂದರೆ ರಕ್ತದಲ್ಲಿ ಏರುವ ಆ ಕೊಬ್ಬೇ, ಎಲ್ಲಿಂದಲೋ ಬಂದು ತುಂಬಿದೆ. ಅದು ದೊಡ್ಡದಾದಷ್ಟೂ ಕಳೆಯುವುದು ಜಾಸ್ತಿ, ಉಳಿಯುವ ಕೆಟ್ಟದ್ದು ಸುಳ್ಳೇ ಕಡಿಮೆ ಕಾಣುತ್ತದೆ. ಗಾಜಿನ ನಳಿಕೆಯನ್ನೂ ಎತ್ತಿ ತೋರಿಸಿದರು. ರಕ್ತದಿಂದ ಬೇರ್ಪಡಿಸಿದ ಒಳಗಿನ ನೀರು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿತ್ತು.

"ಖರೇ ಹೇಳ್ರಿ, ಉಪವಾಸ ಇದ್ದಿರಿಲ್ಲೋ?"

"ಎಂತ ಮಾತು ಡಾಕ್ಟ್ರೇ! ಒಂದು ಅಗುಳು ಅನ್ನ ಮುಟ್ಟಿದ್ದರೆ ಕೇಳಿ," ಎಂದರು ಇವರು. ಅದು ಸುಳ್ಳಲ್ಲ.

ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನು ಸೆರಗಿನ ತುದಿ ಸುತ್ತುತ್ತ, "ಸಾಬುದಾಣೆ ಖಿಚಡಿ ಮಾತ್ರ," ಎಂದೆ. ಅವರು ಇನ್ನೂ ನೋಡುತ್ತಿದ್ದುದು ಕಂಡು, "ಮತ್ತೆ ಕಾಫಿ," ಎಂದೆ.

ಅವರು ಪೆನ್ಸಿಲ್ ಕೆಳಗಿಟ್ಟು, ಕೋಟಿನ ತೋಳಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಅಯ್ಯ ನಮ್ಮವ್ವ! ನಮ್ಮ ಮನ್ಯಾಗೂ ಏಕಾದಶಿಗೆ ಹಂಗ ತಿಂತಾರ. ನಾನು ಶಬ್ದಾ ತಪ್ಪಿದೆ, ನೀವು ತಪ್ಪಲಿಲ್ಲ." ಅಷ್ಟು ಓದಿದವರು ಅಷ್ಟು ಹಗುರಾಗಿ ತಪ್ಪು ತನ್ನದೆನ್ನುವುದನ್ನು ನಾನು ಕೇಳಿದ್ದು ಅದೇ ಮೊದಲು. ಅಂದಿನಿಂದ ಅವರು ರೋಗಿಗಳಿಗೆ ಉಪವಾಸ ಎಂಬ ಮಾತನ್ನೇ ಬಳಸಲಿಲ್ಲ. "ನೀರು ಬಿಟ್ಟು ಬಾಯಾಗ ಏನೂ ಹಾಕಬ್ಯಾಡ್ರಿ," ಎನ್ನುತ್ತಿದ್ದರು.

ನಿಮ್ಮ ಅಜ್ಜನಿಗೆ ಮಾತ್ರ ನಗು ಬರಲಿಲ್ಲ. "ಚೆನ್ನಾಗಿ ಬಂದದ್ದನ್ನು ಇನ್ನೊಮ್ಮೆ ಯಾಕೆ ನೋಡುವುದು? ಇದೇ ಇರಲಿ ಕೊಡಿ," ಎಂದು ಹಟ ಹಿಡಿದರು.

"ಕೊಡಬಹುದು. ನಿಮಗ ನಿದ್ದಿ ಬರ್ತದ. ನನಗ ಬರಂಗಿಲ್ಲ," ಎಂದರು ಅವರು.

ಎರಡನೆಯ ಸಲ ಹಿಂದಿನ ಸಂಜೆಯೇ ಉಂಡು ಮಲಗಿದರು. ಬೆಳಿಗ್ಗೆ ಮರಾಠಿ ಅಜ್ಜಿಗೆ ನನ್ನ ಮುರುಕು ಮರಾಠಿಯಲ್ಲಿ ತಿಳಿಸಿ ಹೇಳುವಷ್ಟರಲ್ಲಿ ನಾನು ಬೆವೆತಿದ್ದೆ. "ಕಾಫಿಯೂ ಇಲ್ಲದ್ದು ಎಂಥ ವ್ರತವೋ!" ಎಂದು ಇವರು ದಾರಿಯುದ್ದಕ್ಕೂ ಗೊಣಗಿದರು.

ಈ ಸಲ ನಳಿಕೆಯ ನೀರು ತಿಳಿಯಾಗಿತ್ತು. ಐದರ ಲೆಕ್ಕ, ಆರರ ಲೆಕ್ಕ ಒಂದಕ್ಕೊಂದು ತಾಗಿಕೊಂಡೇ ಕೂತಿದ್ದವು. ಆದರೆ ಎರಡೂ ಎತ್ತರದಲ್ಲಿ ಕೂತಿದ್ದವು. ಕೆಟ್ಟ ಕೊಬ್ಬು ಇರಬೇಕಾದುದಕ್ಕಿಂತ ಬಹಳ ಹೆಚ್ಚಿತ್ತು.

ಡಾಕ್ಟರಮ್ಮ ಸುತ್ತಿಬಳಸಲಿಲ್ಲ. "ಇದು ಅಳತಿ ಅಲ್ಲ, ಅಂದಾಜು. ಐದು ಖರೇನೋ ಆರು ಖರೇನೋ ನನಗ ಇನ್ನೂ ಗೊತ್ತಿಲ್ಲ. ಆದ್ರ ಎರಡೂ ಒಂದ ಮಾತು ಹೇಳಾಕತ್ತಾವ. ಇದನ್ನ ನಾನು ನಂಬತೀನಿ," ಎಂದರು. ತನಗೆ ಗೊತ್ತಿರುವುದು ಎಲ್ಲಿಗೆ ಮುಗಿಯುತ್ತದೆ ಎಂದು ಗೆರೆ ಎಳೆದು ತೋರಿಸಿದರಲ್ಲ, ಆ ಗೆರೆಯ ಈಚೆಗೆ ಅವರು ಹೇಳಿದ್ದನ್ನೆಲ್ಲ ನಾನು ದೇವರ ಮಾತಿನಂತೆ ನಂಬಿದೆ.

ನಿಮ್ಮ ಅಜ್ಜ ಆ ಎರಡು ಲೆಕ್ಕಗಳ ಹಾಳೆಯನ್ನು ಹತ್ತಿರ ಎಳೆದುಕೊಂಡು ನೋಡಿದರು. ಕೆಳಗೆ ಒಂದು ಲೋಕಲ್ ಹೋಯಿತು. ಆಮೇಲೆ ಕೇಳಿದರು: "ಅಣ್ಣನದ್ದೂ ಹೀಗೇ ಇದ್ದಿರಬಹುದಾ?"

"ಅವರದು ಯಾರೂ ನೋಡಲಿಲ್ಲಲ್ರೀ," ಎಂದರು ಡಾಕ್ಟರಮ್ಮ ಮೆಲ್ಲಗೆ. "ನಿಮ್ಮದು ನೋಡೇವಿ."

ಈಗಿನಂಥ ಮಾತ್ರೆಗಳು ಆಗ ಇರಲಿಲ್ಲ. ಬೀಡಿ ಬಿಡಿ, ತುಪ್ಪ ತೆಂಗಿನೆಣ್ಣೆ ಕಡಿಮೆ ಮಾಡಿ, ದಿನಾ ನಡೆಯಿರಿ ಎಂದರು. ಬೀಡಿ ಬಿಡುವಾಗ ಇವರು ಮನೆಯಲ್ಲಿ ಎಲ್ಲರ ಮೇಲೂ ರೇಗಾಡಿದರು, ಆದರೆ ಬಿಟ್ಟರು. ಮೆಟ್ಟಿಲಲ್ಲಿ ಈಗಲೂ ನಿಲ್ಲುತ್ತಿದ್ದರು. ಚಪ್ಪಲಿಯ ನೆಪ ಮಾತ್ರ ಹೋಯಿತು. "ನಿಲ್ಲು ಮಾರಾಯ್ತಿ, ಉಸಿರು ತಗೊಳ್ತೇನೆ," ಎಂದು ಬಾಯಿಬಿಟ್ಟೇ ಹೇಳುತ್ತಿದ್ದರು. ನಾನೂ ಒಂದು ಮೆಟ್ಟಿಲು ಮೇಲೆ ನಿಂತು ಕಾಯುತ್ತಿದ್ದೆ.

ಅದಾಗಿ ಸ್ವಲ್ಪ ದಿನಕ್ಕೆ ಅಂಧೇರಿಯಲ್ಲಿ ಕೆಲಸಕ್ಕಿದ್ದ ಭಾವನ ಇಬ್ಬರು ಗಂಡುಮಕ್ಕಳನ್ನೂ ಇವರೇ ಹೋಗಿ ಲ್ಯಾಬಿಗೆ ಕರೆತಂದರು. ದೊಡ್ಡವನು, "ನನಗೆಂತ ಆಗಿದೆ ಚಿಕ್ಕಪ್ಪ? ನಾನು ಗಟ್ಟಿ ಇದ್ದೇನೆ," ಎಂದ.

"ನಿನ್ನ ಅಪ್ಪನೂ ಗಟ್ಟಿಯೇ ಇದ್ದದ್ದು," ಎಂದು ನಿಮ್ಮ ಅಜ್ಜ ಅವನ ತೋಳು ಹಿಡಿದು ಡಾಕ್ಟರಮ್ಮನ ಮುಂದೆ ಕೂರಿಸಿದರು.