ಹಿಂದಿನದು ಬಿಗಿ ಮಾಡು

“ಸಸ್ಪೆನ್ಶನ್ ಬದಲಾಯಿಸ್ಬೇಕು ಅಂತ ಬಂದಿದ್ದೀಯಲ್ಲ, ಮೊದ್ಲು ಇದನ್ನ ಹೇಳು. ಗಾಡಿ ಓಡೋದೆಲ್ಲಿ? ರಸ್ತೇಲೋ, ರೇಸ್ ಟ್ರ್ಯಾಕಲ್ಲೋ? ಎರಡೂ ಕಡೆ ಅನ್ಬೇಡ. ಹಂಗನ್ನೋರೆಲ್ಲ ಆಫೀಸಿಗೆ ಹೋಗಿ ಮನೆಗೆ ಬರೋರೇ. ಟ್ರ್ಯಾಕು ಕನ್ನಡಿ ಇದ್ದ ಹಾಗೆ, ಅಲ್ಲಿ ಗಡಸು ಸ್ಪ್ರಿಂಗ್ ಹಾಕು, ಗಾಡಿ ಮೈ ವಾಲಿಸದೆ ತಿರುಗುತ್ತೆ. ಅದನ್ನೇ ಈ ಹಳ್ಳ ಬಿದ್ದ ರಸ್ತೆಗೆ ತಂದ್ರೆ ಚಕ್ರ ನೆಲ ಬಿಟ್ಟು ಹಾರುತ್ತೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ, ದೇವರೂ ಇಲ್ಲ. ಏನು, ಸ್ಪ್ರಿಂಗ್ ಮಾತ್ರ ಹೊಸದು ಹಾಕು, ಶಾಕ್ ಅಬ್ಸಾರ್ಬರ್ ಹಳೇದೇ ಇರ್ಲಿ ಅಂತೀಯಾ? ಕುಂಟನ ಹೆಗಲ ಮೇಲೆ ಪೈಲ್ವಾನನ್ನ ಕೂರಿಸ್ದಂಗೆ! ಎರಡೂ ಒಂದಕ್ಕೊಂದು ಹೊಂದೋ ಜೋಡಿ ನೋಡಿ ತಗೋಬೇಕು. ಓಹೋ, ಕಾರು ನೆಲಕ್ಕೆ ಕೂತು ಚಂದ ಕಾಣ್ಬೇಕು ಅಷ್ಟೇನಾ? ಟಯರ್ ಗಾಳಿ ಬಿಡು, ಕೂರುತ್ತೆ. ಹಲ್ಲೇ ಉದುರ್ಬೇಕು ಅಂತಿದ್ರೆ ಈ ತಗಡಿನ ಆ ಕಡೆ ಹೋಗು. ಅಲ್ಲೊಬ್ಬ ಇದ್ದಾನೆ, ಆ ಕೆಲಸ ಚೆನ್ನಾಗಿ ಮಾಡ್ತಾನೆ.”

ನನ್ನ ದೊಡ್ಡ ತಮ್ಮ ಗಿರಾಕಿಗಳನ್ನು ಬರಮಾಡಿಕೊಳ್ಳುವ ರೀತಿ ಇದು. ತಗಡಿನ ಆ ಕಡೆ ಇರುವವನು ನನ್ನ ಚಿಕ್ಕ ತಮ್ಮ. ಅಪ್ಪ ಬಿಟ್ಟುಹೋದ ಗ್ಯಾರೇಜು ಒಂದೇ. ನಡುವೆ ತಗಡು ನಿಲ್ಲಿಸಿ ಎರಡು ಮಾಡಿಕೊಂಡಿದ್ದಾರೆ. ಈ ಕಡೆ ರಸ್ತೆ ಗಾಡಿ, ಆ ಕಡೆ ರೇಸ್ ಗಾಡಿ. ತಗಡು ಮುಗಿಯುವಲ್ಲಿ, ಬೀದಿಗೆ ಮುಖ ಮಾಡಿ, ನನ್ನ ಹೊಲಿಗೆ ಮಿಷನ್ನು. ಎರಡೂ ಕಡೆಯವರ ಸೀಟ್ ಕವರ್ ಹೊಲಿಯುವವಳು ನಾನೇ.

ಈ ಜಗಳಕ್ಕೆ ಮೂಲ ಆಸ್ತಿಯಲ್ಲ, ಒಂದು ತೊಟ್ಟಿಲು. ದೊಡ್ಡವನು ಸಜ್ಜು ಮಾಡಿದ ಕಾರನ್ನು ಚಿಕ್ಕವನು ಒಂದು ಸುತ್ತು ಓಡಿಸಿ ಬಂದು, ಗಿರಾಕಿಯ ಎದುರಿಗೇ, “ಇದು ಗಾಡಿಯಲ್ಲ, ತೊಟ್ಟಿಲು. ಜೋಗುಳ ಹಾಡೋರನ್ನೂ ಜೊತೆಗೆ ಕೂರಿಸ್ಕೊಳ್ಳಿ” ಅಂದ. “ನೀನು ಮಾಡೋದು ಗಾಡಿನಾ? ಒರಳುಕಲ್ಲಿಗೆ ನಾಲ್ಕು ಚಕ್ರ!” ಅಂದ ದೊಡ್ಡವನು. ಮರುದಿನವೇ ತಗಡು ಬಂತು. ಅಂದಿನಿಂದ ಒಬ್ಬರಿಗೊಬ್ಬರು ಮಾತಿಲ್ಲ. ಏನಿದ್ದರೂ ನನ್ನ ಮೂಲಕ.

“ಅಕ್ಕಾ, ದೊಡ್ಡ ಸ್ಪ್ಯಾನರ್ ಇದ್ಯಾ ಕೇಳು ಅವನ್ನ.”

“ಇದೆ, ಕೊಡಲ್ಲ ಅಂತ ಹೇಳಕ್ಕಾ.”

ತಗಡಿನ ಅಡಿಯಲ್ಲಿ ನಾಲ್ಕು ಬೆರಳು ಸಂದಿ ಇದೆ. ಸಂಜೆ ದೊಡ್ಡವನು ಗುಡಿಸುವಾಗ ತನ್ನ ಕಸವನ್ನೆಲ್ಲ ಆ ಸಂದಿಯಲ್ಲಿ ಆಚೆ ತಳ್ಳುತ್ತಾನೆ. ಬೆಳಗ್ಗೆ ಚಿಕ್ಕವನು ತನ್ನದಿಷ್ಟು ಸೇರಿಸಿ ಈಚೆ ತಳ್ಳುತ್ತಾನೆ. ಆ ಕಸಕ್ಕೆ ಈಗ ಎಷ್ಟು ವಯಸ್ಸೋ.

ದೊಡ್ಡವನಿಗೆ ಒಬ್ಬಳೇ ಮಗಳು. ಹೆಂಡತಿ ಹೋದ ಮೇಲೆ ಅವನಿಗೆ ಲೋಕವೆಂದರೆ ಅವಳೇ, ಬಾಯಿಬಿಟ್ಟು ಹೇಳಿದವನಲ್ಲ ಅಷ್ಟೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಅವಳದು. ಭಾನುವಾರ ಬಂದರೆ ಡ್ಯೂಟಿಗೆ ಓಡಿಸುವ ಕಾರನ್ನೇ ತೆಗೆದುಕೊಂಡು ಟ್ರ್ಯಾಕಿಗೆ ಹೋಗುತ್ತಾಳೆ. ಒಂದು ಸಂಜೆ ಊಟದ ಮೇಜಿನಲ್ಲಿ ಮಾತು ತೆಗೆದಳು.

“ಅಪ್ಪಾ, ನಾನು ಚಿಕ್ಕಪ್ಪನ ಹತ್ರ ಕಾಯ್ಲೋವರ್ ಹಾಕಿಸ್ತೀನಿ. ಸ್ಪ್ರಿಂಗೂ ಶಾಕೂ ಒಂದೇ ಸೆಟ್ಟು. ವಾರವೆಲ್ಲ ಮೆತ್ತಗೆ ಇಟ್ಕೊಂಡು, ಭಾನುವಾರ ತಿರುಪು ತಿರುಗಿಸಿ ಬಿಗಿ ಮಾಡ್ಕೋಬಹುದು.”

“ಎರಡು ದೋಣಿ ಮೇಲೆ ಕಾಲಿಟ್ಟೋರು ನೀರಿಗೇ ಬೀಳೋದು.”

“ನಿಮ್ಮಿಬ್ಬರ ಮಧ್ಯೆ ಬೆಳೆದೋಳು ನಾನು. ಎರಡು ದೋಣಿ ನನಗೇನು ಹೊಸದಾ?”

ಅವನು ತಟ್ಟೆ ಬಿಟ್ಟು ಎದ್ದ. ಅವಳು ಹಾಕಿಸಿಯೇಬಿಟ್ಟಳು. ಅಲ್ಲಿಗೆ ಮಗಳ ಜೊತೆಗೂ ಮಾತು ನಿಂತಿತು. “ಅಕ್ಕಾ, ನೀರು ಬೇಕಾ ಕೇಳು ಅವಳ್ನ” ಅನ್ನುವಷ್ಟಕ್ಕೆ ಬಂತು.

ಹಾಕಿಸಿದ ಮೇಲೆ ಒಂದು ಸಂಜೆ ಅವಳ ಕಾರು ನನ್ನ ಮಿಷನ್ನಿನ ಮುಂದಿನ ಚರಂಡಿ ಕಲ್ಲು ಹತ್ತಿ ಇಳಿದು ಆ ಕಡೆ ಹೋಗಿ ನಿಂತಿತು. ಅವಳು ಗ್ಯಾರೇಜಿನ ಹಿಂದಿನ ಮನೆಗೆ ಹೋದಳು. ದೊಡ್ಡವನು ಬೇರೊಂದು ಗಾಡಿಯ ಕೆಳಗೆ ಮಲಗಿದ್ದವನು ಹೊರಗೆ ಜಾರಿಬಂದ.

“ಟಕ್ ಅಂತು, ಕೇಳಿಸ್ತಾ? ಅಕ್ಕಾ, ಹೋಗಿ ಹೇಳು ಅವನಿಗೆ, ಹಿಂದಿನದು ಬಿಗಿ ಮಾಡು ಅಂತ.”

ನಾನು ತಗಡು ಬಳಸಿ ಹೋದೆ. ಚಿಕ್ಕವನು ಟಯರಿನ ಮೇಲೆ ಕೂತು ಟೀ ಕುಡಿಯುತ್ತಿದ್ದ. “ಹಿಂದಿನದು ಬಿಗಿ ಮಾಡ್ಬೇಕಂತೆ ಕಣೋ” ಅಂದೆ. ಒಂದಕ್ಷರ ಕೂಡಿಸಲಿಲ್ಲ, ಕಳೆಯಲಿಲ್ಲ.

ಅವನು ಟೀ ನೆತ್ತಿಗೇರುವಂತೆ ನಕ್ಕ. “ತೊಟ್ಟಿಲು ಕಟ್ಟೋನು ನನಗೆ ಪಾಠ ಹೇಳ್ತಾನಾ! ಮಳೇಲಿ ಹಿಂದೆ ಬಿಗಿ ಮಾಡಿದ್ರೆ ಬಾಲ ಜಾರುತ್ತೆ, ಅಷ್ಟೂ ಗೊತ್ತಿಲ್ಲ ಮಹಾಶಯನಿಗೆ. ಆಗ್ಲಿ, ಅವನ ಮಗಳು, ಅವನ ಮಾತು. ಮಾಡ್ತೀನಿ. ಮೊದಲ ತಿರುವಲ್ಲೇ ಅವಳಿಗೆ ಗೊತ್ತಾಗುತ್ತೆ, ಬಂದು ಅಪ್ಪನ ಮುಖಕ್ಕೆ ಉಗೀತಾಳೆ.”

“ಅವಳಿಗೊಂದು ಮಾತು ಹೇಳ್ಬೇಡ್ವೇನೋ?”

“ಹೇಳೋಕೆ ಅಪ್ಪ ಇದ್ದಾನಲ್ಲ!”

ಡಿಕ್ಕಿ ತೆಗೆದು, ಹಿಂದಿನ ಎರಡೂ ಶಾಕಿನ ತಿರುಪನ್ನು ಇನ್ನು ತಿರುಗದು ಅನ್ನುವವರೆಗೆ ತಿರುಗಿಸಿ, ಮುಚ್ಚಿದ.

ಬೆಳಗ್ಗೆ ಜಿನುಗು ಮಳೆ. ಅವಳು ಡ್ಯೂಟಿಗೆ ಹೊತ್ತಾಯಿತೆಂದು ಓಡಿದಳು. ನೀರಿನ ಟ್ಯಾಂಕಿನ ತಿರುವಿನಲ್ಲಿ ಕಾರಿನ ಬಾಲ ಎಮ್ಮೆ ಬಾಲದ ಹಾಗೆ ಬೀಸಿ, ಮೋರಿಯ ಕಟ್ಟೆಗೆ ಬಡಿಯಿತು. ಎಡಗೈಯ ಮಣಿಕಟ್ಟು ಮುರಿದಿತ್ತು. ದಿನಾ ಊರವರ ಮೂಳೆ ನೋಡುವವಳ ಮೂಳೆಯನ್ನು ಅವಳ ಜೊತೆಯವರು ನೋಡಿದರು. ಮಧ್ಯಾಹ್ನ ಕೈಗೆ ಪಟ್ಟಿ ಹಾಕಿಸಿಕೊಂಡು ಆಟೋದಲ್ಲಿ ಬಂದಳು. ಕಾರು ಹಗ್ಗಕ್ಕೆ ಕಟ್ಟಿಸಿಕೊಂಡು ಹಿಂದೆ ಬಂತು.

ದೊಡ್ಡವನು ಮಗಳ ಮುಖ ನೋಡಿದ, ಕೈ ನೋಡಿದ. ಡಿಕ್ಕಿ ತೆಗೆದು ಒಳಗೆ ಕೈ ಹಾಕಿದ. ಶಾಕಿನ ಮೇಲಿನ ನಟ್ಟು ಬೆರಳಿಗೇ ತಿರುಗಿತು. ತಿರುಪು ಮಾತ್ರ ಅಲ್ಲಾಡಲಿಲ್ಲ. ನೇರ ಹೋಗಿ ತಗಡಿಗೆ ಒದ್ದ. ಬೀದಿಯ ನಾಯಿಗಳೆಲ್ಲ ಎದ್ದುನಿಂತವು.

“ಲೋ! ಬಿಗಿ ಮಾಡು ಅಂದ್ರೆ ನಟ್ಟು ಕಣೋ, ನಟ್ಟು!”

ತಗಡು ಬಂದಂದಿನಿಂದ ಅವರು ನೇರವಾಗಿ ಆಡಿದ ಮೊದಲ ಮಾತು ಅದು.

“ನಟ್ಟು ಅನ್ನೋಕೆ ನಿನ್ನ ನಾಲಿಗೆ ಬಿದ್ದುಹೋಗಿತ್ತಾ?” ಆ ಕಡೆಯಿಂದ ಬಂತು.

“ಟಕ್ ಅನ್ನೋ ಹಂಗೆ ನಟ್ಟು ಸಡಿಲ ಬಿಟ್ಟೋನು ಯಾರು?”

“ಟಕ್ ಅಂದಿದ್ದು ಕೇಳ್ತಲ್ಲ, ಎದ್ದು ಬಂದು ಹೇಳೋಕೆ ನಿನಗೇನಾಗಿತ್ತು?”

“ನಿನ್ನ ಮುಖ ನೋಡ್ಬೇಕಿತ್ತಲ್ಲ, ಅದಾಗಿತ್ತು! ನಿನಗೇನಾಗಿತ್ತು? ಜಾರುತ್ತೆ ಅಂತ ಗೊತ್ತಿದ್ದೂ ತಿರುಗಿಸಿದ್ಯಲ್ಲ, ಅವಳಿಗೊಂದು ಮಾತು ಹೇಳಿದ್ಯಾ?”

ಉತ್ತರವಿಲ್ಲದಿದ್ದಾಗ ಗಂಡಸರು ಮಾಡುವುದನ್ನೇ ಇಬ್ಬರೂ ಮಾಡಿದರು, ನನ್ನ ಕಡೆ ತಿರುಗಿದರು. “ಅಕ್ಕಾ, ನೀನು ಏನಂತ ಹೇಳ್ದೆ?”

“ಇವನಂದಿದ್ದು ಹಿಂದಿನದು ಬಿಗಿ ಮಾಡು. ನಾನಂದಿದ್ದೂ ಅದೇ. ಇನ್ನೊಂದು ಸಲ ನನ್ನ ಕೈಲಿ ಮಾತು ಕಳಿಸಿದ್ರೆ ಇಬ್ಬರ ಬಾಯಿಗೂ ಈ ಮಿಷನ್ನಲ್ಲೇ ಹೊಲಿಗೆ ಹಾಕ್ತೀನಿ.”

ಮಗಳು ನನ್ನ ಸ್ಟೂಲಿನ ಮೇಲೆ ಕೂತು ಎಲ್ಲ ಕೇಳುತ್ತಿದ್ದಳು. “ಮುಗೀತಾ? ಗಾಡಿ ಇನ್ನು ಇಬ್ಬರೂ ಮುಟ್ಬೇಡಿ. ಪೆಟ್ರೋಲ್ ಬಂಕ್ ಪಕ್ಕದವನ ಹತ್ರ ಕಳಿಸ್ತೀನಿ” ಅಂದಳು.

“ಅವನ ಹತ್ರಾನಾ?” ಅಂದ ದೊಡ್ಡವನು.

“ಅವನಿಗೆ ಸ್ಪ್ರಿಂಗ್ ಅಂದ್ರೆ ಹಾಸಿಗೇದು ಮಾತ್ರ ಗೊತ್ತು!” ಅಂದ ಚಿಕ್ಕವನು. ಒಂದು ವಿಷಯದಲ್ಲಿ ಅವರಿಬ್ಬರೂ ಒಪ್ಪಿದ್ದು ನಾನು ಅವತ್ತೇ ಕಂಡದ್ದು.

“ಗೊತ್ತಿಲ್ದಿದ್ರೆ ನನ್ನನ್ನ ಕೇಳ್ತಾನೆ” ಅಂದಳು. “ನೀವು ಕೇಳಿದ್ರಾ?”

ಅತ್ತು ಕರೆದು ಮಾಡದೆ ಕಳಿಸಿಯೇಬಿಟ್ಟಳು. ಕಾರು ವಾಪಸ್ ಬಂದಾಗ ಅದರಲ್ಲಿದ್ದದ್ದು ರಸ್ತೆಗೆ ಹೊಂದುವ ಮೆತ್ತನೆಯ ಜೋಡಿ, ಅಪ್ಪ ಹೇಳುತ್ತಿದ್ದಂಥದ್ದೇ, ಆದರೆ ಅಪ್ಪನ ಕೈಯದಲ್ಲ. ಕಾಯ್ಲೋವರನ್ನು ಬಟ್ಟೆಯಲ್ಲಿ ಸುತ್ತಿ ಮಂಚದ ಕೆಳಗಿಟ್ಟಿದ್ದಾಳೆ. ಟ್ರ್ಯಾಕಿಗೆಂದೇ ಹಳೆಯ ಗಾಡಿಯೊಂದನ್ನು ಹುಡುಕುತ್ತಾಳಂತೆ. ಅಪ್ಪನೊಂದಿಗೆ ಈಗ ಮಾತು ಬಿಟ್ಟಿರುವವಳು ಅವಳು. ಅವಳ ಕಾರು ಚರಂಡಿ ಕಲ್ಲು ಹತ್ತುವಾಗ ತಗಡಿನ ಎರಡೂ ಕಡೆ ಸುತ್ತಿಗೆ ನಿಲ್ಲುತ್ತದೆ. ಟಕ್ ಅನ್ನುವ ಸದ್ದೇನೂ ಬರುವುದಿಲ್ಲ. ಸುತ್ತಿಗೆ ಮತ್ತೆ ಶುರುವಾಗುತ್ತದೆ, ಮೊದಲಿಗಿಂತ ಜೋರಾಗಿ.

ನನ್ನ ಮಾತು ಹೊರುವ ಕೆಲಸ ಹೋಯಿತು. ಈಗ ನೇರವಾಗಿಯೇ ಬೈದಾಡುತ್ತಾರೆ. ನಿನ್ನೆ ಸಂಜೆಯೂ ದೊಡ್ಡವನು ಪೊರಕೆ ಹಿಡಿದು ಗ್ರೀಸಿನ ಮಣ್ಣು, ಕಬ್ಬಿಣದ ಪುಡಿ ಎಲ್ಲ ತಗಡಿನ ಬುಡಕ್ಕೆ ತಂದ.

“ಏಯ್, ಕಸ ಈ ಕಡೆ ಬರ್ತಿದೆ!”

“ನಿನ್ನದೇ, ವಾಪಸ್ ತಗೋ.”

“ಬಂದು ಎತ್ತು ಅಂದೆ!”

ದೊಡ್ಡವನು ಪೊರಕೆಯ ಬುಡವನ್ನು ನೆಲಕ್ಕೆ ಕುಟ್ಟಿ ಕಡ್ಡಿ ಸಮ ಮಾಡಿಕೊಂಡ. ಆಮೇಲೆ ಬಗ್ಗಿ, ಮೂಲೆಯಲ್ಲಿ ಉಳಿದದ್ದನ್ನೂ ಕೆರೆದು ತಂದು, ಸಂದಿಯೊಳಗೆ ತಳ್ಳಿದ. ಆಚೆಯಿಂದಲೂ ಪೊರಕೆಯ ಸದ್ದು ಬಂತು.